ಕಮಾಂಡ್ ಲೈನ್ ಮೂಲಕ ಸರ್ವರ್ ನಿರ್ವಹಣೆ

ಕಮಾಂಡ್ ಲೈನ್ ಮೂಲಕ ಸರ್ವರ್ ನಿರ್ವಹಣೆ ಎಂದರೆ ಚಿತ್ರಗಳು, ಗುಂಡಿಗಳು, ಮೌಸ್ ಮುಂತಾದವುಗಳ ನೆರವಿಲ್ಲದೆ, ಕೀಲಿಮಣೆಯಲ್ಲಿ ಬೆರಳಚ್ಚಿಸಿದ ಆಜ್ಞೆಗಳಿಂದಲೇ ಸರ್ವರ್ ಗಣಕಗಳನ್ನು ಸಜ್ಜುಗೊಳಿಸುವ, ಕಾಯುವ ಮತ್ತು ದುರಸ್ತಿ ಮಾಡುವ ವಿಧಾನ. ಇದನ್ನು ಕನ್ನಡದಲ್ಲಿ ಆದೇಶ ಸಾಲು ಎಂದೂ ಕರೆಯುವುದುಂಟು. ಜಾಲದ ಮೂಲಕ ಇತರ ಗಣಕಗಳಿಗೆ ಸೇವೆ ಒದಗಿಸುವ ಗಣಕವೇ ಸರ್ವರ್. ಜಾಲತಾಣಗಳು, ಇ-ಅಂಚೆ, ಬ್ಯಾಂಕ್ ವ್ಯವಹಾರ, ರೈಲು ಟಿಕೆಟ್ ಕಾಯ್ದಿರಿಸುವಿಕೆ ಇವೆಲ್ಲವೂ ಇಂತಹ ಗಣಕಗಳನ್ನು ಅವಲಂಬಿಸಿವೆ. ಸರ್ವರ್‌ಗಳ ಬಹುಪಾಲು ಲಿನಕ್ಸ್ ಅಥವಾ ಯುನಿಕ್ಸ್ ಪರಂಪರೆಯ ಬೇರೊಂದು ಕಾರ್ಯಾಚರಣ ವ್ಯವಸ್ಥೆಯಲ್ಲಿ ನಡೆಯುತ್ತದೆ. ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿರುವ ಎಲ್ಲ ಯಂತ್ರಗಳೂ 2017ರ ನವೆಂಬರ್‌ನಿಂದ ಲಿನಕ್ಸ್ ಬಳಸುತ್ತಿವೆ.

ಸರ್ವರ್‌ಗಳಿಗೆ ಸಾಮಾನ್ಯವಾಗಿ ಪರದೆಯಾಗಲಿ ಕೀಲಿಮಣೆಯಾಗಲಿ ಇರುವುದಿಲ್ಲ. ಅವು ದೂರದ ದತ್ತಾಂಶ ಕೇಂದ್ರದ ಕಪಾಟುಗಳಲ್ಲಿರುತ್ತವೆ. ನಿರ್ವಾಹಕ ಇನ್ನೊಂದು ಊರಿನಲ್ಲೋ ಇನ್ನೊಂದು ಖಂಡದಲ್ಲೋ ಕುಳಿತು ಅವುಗಳನ್ನು ನೋಡಿಕೊಳ್ಳುತ್ತಾನೆ. ಅಕ್ಷರಗಳು ಚಿತ್ರಗಳಿಗಿಂತ ಹಗುರ, ಆದ್ದರಿಂದ ನಿಧಾನಗತಿಯ ಸಂಪರ್ಕದಲ್ಲಿಯೂ ಕೆಲಸ ಸಾಗುತ್ತದೆ. ಇದಕ್ಕಿಂತ ಮುಖ್ಯವಾದ ಅನುಕೂಲ ಬೇರೆ ಇದೆ. ಬರೆದ ಆಜ್ಞೆಯನ್ನು ದಾಖಲಿಸಿಡಬಹುದು, ಸಹೋದ್ಯೋಗಿಗೆ ಕಳುಹಿಸಬಹುದು, ನಾಳೆ ಅದೇ ರೀತಿ ಮತ್ತೆ ನಡೆಸಬಹುದು, ಒಂದರ ಬದಲು ನೂರು ಯಂತ್ರಗಳ ಮೇಲೆ ನಡೆಸಬಹುದು. ಮೌಸ್‌ನಿಂದ ಯಾವ ಗುಂಡಿಯನ್ನು ಯಾವ ಕ್ರಮದಲ್ಲಿ ಒತ್ತಿದ್ದೆವು ಎಂಬುದು ಹಾಗೆ ಉಳಿಯುವುದಿಲ್ಲ.

ಹಿನ್ನೆಲೆ

ಗಣಕಕ್ಕೆ ಪರದೆ ಬರುವ ಮೊದಲು ಟೆಲಿಟೈಪ್ ಯಂತ್ರವಿತ್ತು. ಬಳಕೆದಾರ ಅದರಲ್ಲಿ ಬೆರಳಚ್ಚಿಸಿದ್ದು ಗಣಕಕ್ಕೆ ಹೋಗುತ್ತಿತ್ತು, ಉತ್ತರವು ಕಾಗದದ ಸುರುಳಿಯ ಮೇಲೆ ಅಚ್ಚಾಗಿ ಬರುತ್ತಿತ್ತು. ವ್ಯಾಪಕವಾಗಿ ಬಳಕೆಯಲ್ಲಿದ್ದ ಮಾಡೆಲ್ 33 ಟೆಲಿಟೈಪ್‌ನ ವೇಗ ಸೆಕೆಂಡಿಗೆ 10 ಅಕ್ಷರಗಳು ಮಾತ್ರ. ಯುನಿಕ್ಸ್ ಆಜ್ಞೆಗಳ ಹೆಸರುಗಳು ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ ಎಂದು ಎರಡೆರಡು ಅಕ್ಷರಗಳಲ್ಲಿ ಮುಗಿದುಹೋಗುವ ಜಿಪುಣತನಕ್ಕೆ ಈ ನಿಧಾನಗತಿಯೂ ಗಡುಸಾದ ಕೀಲಿಗಳೂ ಕಾರಣ. ಇವು ಕ್ರಮವಾಗಿ ಪಟ್ಟಿ ಮಾಡು, ನಕಲಿಸು, ಸ್ಥಳಾಂತರಿಸು, ತೆಗೆದುಹಾಕು ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊಟಕು ರೂಪಗಳು. ಟೆಲಿಟೈಪ್ ಕಣ್ಮರೆಯಾಗಿದ್ದರೂ ಅದರ ಹೆಸರು ಟಿಟಿವೈ ಎಂಬ ರೂಪದಲ್ಲಿ ಇಂದಿನ ಲಿನಕ್ಸ್‌ನಲ್ಲಿಯೂ ಉಳಿದಿದೆ.

ಬಳಕೆದಾರನ ಆಜ್ಞೆಯನ್ನು ಓದಿ, ಅರ್ಥೈಸಿ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಒಪ್ಪಿಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಶೆಲ್ ಎಂದರೆ ಚಿಪ್ಪು. ತಿರುಳಿನ ಸುತ್ತ ಇರುವ ಕವಚವೆಂಬ ಭಾವ. ಈ ಹೆಸರನ್ನು ಕೊಟ್ಟವರು ಫ್ರಾನ್ಸ್‌ನ ಲೂಯಿ ಪೂಜಾಂ. ಅವರು 1960ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಒಂದು ಕಡತದಲ್ಲಿ ಬರೆದಿಟ್ಟ ಆಜ್ಞೆಗಳನ್ನು ಸಾಲಾಗಿ ನಡೆಸುವ ರನ್‌ಕಾಮ್ ಎಂಬ ಸಾಧನವನ್ನು ರಚಿಸಿದರು. ಇಂದಿಗೂ ಅನೇಕ ಸಂರಚನಾ ಕಡತಗಳ ಹೆಸರು ಆರ್‌ಸಿ ಎಂದು ಕೊನೆಗೊಳ್ಳುವುದು ಇದರ ನೆನಪಾಗಿ.

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಹೊರಬಂದಿತು. ಆ ಕೈಪಿಡಿಯ ಪುಟಗಳ ವಿನ್ಯಾಸವನ್ನೇ ಇಂದಿನ ಮ್ಯಾನ್ ಎಂಬ ಆಜ್ಞೆ ತೋರಿಸುವ ಸಹಾಯ ಪುಟಗಳು ಅನುಸರಿಸುತ್ತವೆ. 1979ರಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಪ್ರಚಾರಕ್ಕೆ ಬಂದಿತು. 1989ರಲ್ಲಿ ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಅದರ ಉತ್ತರಾಧಿಕಾರಿ. ಬೋರ್ನ್ ಎಂಬ ಹೆಸರೂ ಹುಟ್ಟಿದ ಎಂಬರ್ಥದ ಇಂಗ್ಲಿಷ್ ಪದವೂ ಉಚ್ಚಾರದಲ್ಲಿ ಒಂದೇ ಆದ್ದರಿಂದ, ಪುನರ್ಜನ್ಮ ಪಡೆದ ಶೆಲ್ ಎಂಬ ಶ್ಲೇಷೆ ಆ ಹೆಸರಿನಲ್ಲಿ ಅಡಗಿದೆ.

ಶೆಲ್ ಮತ್ತು ಪೈಪ್

ಯುನಿಕ್ಸ್ ಆಜ್ಞೆಗಳಲ್ಲಿ ಒಂದೊಂದೂ ಒಂದು ಚಿಕ್ಕ ಕೆಲಸವನ್ನಷ್ಟೇ ಮಾಡುತ್ತದೆ. ಒಂದರ ಹೊರಹರಿವನ್ನು ಇನ್ನೊಂದರ ಒಳಹರಿವಾಗಿ ಜೋಡಿಸುವ ವ್ಯವಸ್ಥೆ ಪೈಪ್. ಡಗ್ಲಸ್ ಮೆಕ್‌ಇಲ್ರಾಯ್ 1964ರಲ್ಲಿಯೇ, ತೋಟಕ್ಕೆ ನೀರು ಹಾಯಿಸುವ ಕೊಳವೆಗಳಂತೆ ತಂತ್ರಾಂಶಗಳನ್ನು ಜೋಡಿಸುವಂತಿರಬೇಕು ಎಂದು ಟಿಪ್ಪಣಿ ಬರೆದಿದ್ದರು. ಯುನಿಕ್ಸ್‌ಗೆ ಅದು ಬಂದದ್ದು 1973ರಲ್ಲಿ.

ಒಂದು ಉದಾಹರಣೆಯಿಂದ ಇದರ ಶಕ್ತಿ ಸ್ಪಷ್ಟವಾಗುತ್ತದೆ. ಒಂದು ಜಾಲತಾಣ ಇದ್ದಕ್ಕಿದ್ದಂತೆ ನಿಧಾನವಾಗಿದೆ, ಯಾರೋ ಒಬ್ಬರು ಅತಿಯಾಗಿ ಮನವಿಗಳನ್ನು ಕಳುಹಿಸುತ್ತಿದ್ದಾರೆಂಬ ಸಂಶಯವಿದೆ ಎಂದಿಟ್ಟುಕೊಳ್ಳಬಹುದು. ಭೇಟಿಗಳ ಲಾಗ್ ಕಡತದಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಆಕ್ ಎಂಬ ಆಜ್ಞೆ ಪ್ರತಿ ಸಾಲಿನ ಮೊದಲ ಪದವಾದ ಗಣಕ ವಿಳಾಸವನ್ನು ಮಾತ್ರ ಹೊರತೆಗೆಯುತ್ತದೆ. ಸಾರ್ಟ್ ಅವನ್ನು ಕ್ರಮವಾಗಿ ಜೋಡಿಸುತ್ತದೆ. ಯುನಿಕ್ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಎಣಿಸುತ್ತದೆ. ಮತ್ತೊಮ್ಮೆ ಸಾರ್ಟ್ ಎಣಿಕೆಯ ಇಳಿಕೆಯ ಕ್ರಮದಲ್ಲಿಡುತ್ತದೆ. ಹೆಡ್ ಮೇಲಿನ ಹತ್ತನ್ನು ತೋರಿಸುತ್ತದೆ. ಐದು ಆಜ್ಞೆಗಳನ್ನು ಪೈಪ್‌ನಿಂದ ಕೋದ ಒಂದೇ ಸಾಲಿಗೆ ಕೆಲವು ಸೆಕೆಂಡುಗಳಲ್ಲಿ ಉತ್ತರ ದೊರೆಯುತ್ತದೆ. ಇಲ್ಲಿ ಮೊದಲ ಸಾರ್ಟ್ ಅನ್ನು ಬಿಟ್ಟರೆ ಎಣಿಕೆ ತಪ್ಪುತ್ತದೆ, ಏಕೆಂದರೆ ಯುನಿಕ್ ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸಬಲ್ಲದು. ಹೊಸದಾಗಿ ಕಲಿಯುವವರು ಇಲ್ಲಿ ಎಡವುವುದು ಸಾಮಾನ್ಯ.

ಆಜ್ಞೆ ಸಫಲವಾದರೆ ಯುನಿಕ್ಸ್ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಮೌನವೇ ಸಮ್ಮತಿ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಳಗೊಳಗೆ ಮಾತ್ರ ಪ್ರತಿ ಆಜ್ಞೆಯೂ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ: 0 ಎಂದರೆ ಸಫಲ, ಬೇರೆ ಯಾವುದಾದರೂ ವಿಫಲ. ಆಜ್ಞೆಗಳ ಸರಣಿಯನ್ನು ಕಡತದಲ್ಲಿ ಬರೆದಾಗ ಈ ಸಂಖ್ಯೆಯನ್ನು ಪರೀಕ್ಷಿಸದಿದ್ದರೆ, ಮೊದಲ ಹೆಜ್ಜೆ ವಿಫಲವಾದರೂ ಎರಡನೆಯದು ನಡೆದೇ ತೀರುತ್ತದೆ. ಒಂದು ಕೋಶದೊಳಗೆ ಹೋಗು, ಅಲ್ಲಿರುವುದನ್ನೆಲ್ಲ ಅಳಿಸು ಎಂಬ ಎರಡು ಸಾಲುಗಳಲ್ಲಿ ಮೊದಲನೆಯದು ನೆರವೇರದಿದ್ದರೆ ಅಳಿಸುವಿಕೆ ಎಲ್ಲಿ ನಡೆಯುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ದೂರದಿಂದ ಪ್ರವೇಶ

ಮೊದಮೊದಲು ದೂರದ ಗಣಕವನ್ನು ಪ್ರವೇಶಿಸಲು ಟೆಲ್ನೆಟ್, ಆರ್‌ಲಾಗಿನ್ ಮುಂತಾದ ವಿಧಾನಗಳಿದ್ದವು. ಇವುಗಳಲ್ಲಿ ಗುಪ್ತಪದವೂ ಸೇರಿದಂತೆ ಎಲ್ಲವೂ ತೆರೆದ ಅಂಚೆ ಕಾರ್ಡಿನ ಬರಹದಂತೆ ಜಾಲದಲ್ಲಿ ಸಾಗುತ್ತಿತ್ತು; ದಾರಿಯಲ್ಲಿರುವ ಯಾರಾದರೂ ಓದಬಹುದಿತ್ತು. 1995ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳನ್ನು ಕದಿಯುವ ದಾಳಿ ನಡೆದ ಬಳಿಕ, ಅಲ್ಲಿನ ಸಂಶೋಧಕ ತಾತು ಉಲೋನೆನ್ ಸೆಕ್ಯೂರ್ ಶೆಲ್ ಎಂಬ ಹೊಸ ವಿಧಾನವನ್ನು ರಚಿಸಿದರು. ಇದರ ಮೊಟಕು ರೂಪ ಎಸ್‌ಎಸ್‌ಎಚ್. ಇದರಲ್ಲಿ ಎರಡು ಗಣಕಗಳ ನಡುವಿನ ಮಾತುಕತೆ ಪೂರ್ತಿಯಾಗಿ ಗೂಢಲಿಪಿಯಲ್ಲಿರುತ್ತದೆ. ಇದಕ್ಕೆ ನಿಗದಿಯಾದ ದ್ವಾರಸಂಖ್ಯೆ 22. ಕಡತ ವರ್ಗಾವಣೆಯ ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23, ಇವೆರಡರ ನಡುವೆ ಖಾಲಿ ಇದ್ದ ಸಂಖ್ಯೆಯನ್ನು ಉಲೋನೆನ್ ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ಆವೃತ್ತಿಯನ್ನು ಹೊರತಂದಿತು. ಇಂದು ಬಹುತೇಕ ಎಲ್ಲ ಲಿನಕ್ಸ್ ಸರ್ವರ್‌ಗಳಲ್ಲಿಯೂ ಇರುವುದು ಅದೇ.

ಗುಪ್ತಪದದ ಬದಲು ಕೀಲಿಜೋಡಿಯನ್ನು ಬಳಸುವುದು ಇಂದಿನ ವಾಡಿಕೆ. ಸಾರ್ವಜನಿಕ ಕೀಲಿಯನ್ನು ಸರ್ವರ್‌ನಲ್ಲಿ ಇಡಲಾಗುತ್ತದೆ, ಖಾಸಗಿ ಕೀಲಿ ನಿರ್ವಾಹಕನ ಗಣಕವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಮೊದಲನೆಯದನ್ನು ಬೀಗಕ್ಕೂ ಎರಡನೆಯದನ್ನು ಬೀಗದ ಕೈಗೂ ಹೋಲಿಸಬಹುದು. ಬೀಗವನ್ನು ಎಷ್ಟು ಬಾಗಿಲಿಗಾದರೂ ಹಾಕಬಹುದು, ನೋಡಿದವರಿಗೆ ಅದರಿಂದ ಪ್ರಯೋಜನವಿಲ್ಲ. ಖಾಸಗಿ ಕೀಲಿಯ ಕಡತವನ್ನು ಇತರ ಬಳಕೆದಾರರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲು ನಿರಾಕರಿಸುತ್ತದೆ.

ಸಂಪರ್ಕ ನಡುವೆ ಕಡಿದುಹೋದರೆ, ಅದರ ಮೂಲಕ ಆರಂಭಿಸಿದ ಕೆಲಸಗಳಿಗೂ ಹ್ಯಾಂಗಪ್ ಎಂಬ ಸಂಕೇತ ತಲಪುತ್ತದೆ, ಅವು ಸಾಮಾನ್ಯವಾಗಿ ನಿಂತುಹೋಗುತ್ತವೆ. ದೂರವಾಣಿಯ ಮೂಲಕ ಗಣಕವನ್ನು ಸಂಪರ್ಕಿಸುತ್ತಿದ್ದ ಕಾಲದಲ್ಲಿ ಕರೆ ಕಡಿದುಹೋಗುವುದಕ್ಕೆ ಇದ್ದ ಹೆಸರು ಅದು. ವ್ಯವಸ್ಥೆಯ ಉನ್ನತೀಕರಣದಂತಹ ದೀರ್ಘ ಕೆಲಸ ಅರ್ಧಕ್ಕೆ ನಿಂತರೆ ಸರ್ವರ್ ಮತ್ತೆ ಏಳದಿರಬಹುದು. ಆದ್ದರಿಂದ ಅಂತಹ ಕೆಲಸವನ್ನು ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ಸಾಧನದೊಳಗೆ ನಡೆಸಲಾಗುತ್ತದೆ. ವಿದ್ಯುತ್ತೋ ಅಂತರಜಾಲವೋ ಹೋಗಿ ಬಂದ ಮೇಲೂ ಬಿಟ್ಟಲ್ಲಿಂದಲೇ ಮುಂದುವರಿಯಬಹುದು.

ಎಸ್‌ಎಸ್‌ಎಚ್ ಬಾಗಿಲಿನ ಭದ್ರತೆ ಎಷ್ಟು ಸೂಕ್ಷ್ಮವೆಂಬುದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಕಾರರಲ್ಲಿ ಒಬ್ಬರಾದ ಆಂಡ್ರೆಸ್ ಫ್ರಾಯಿಂಡ್ ತಮ್ಮ ಪರೀಕ್ಷಾ ಗಣಕದಲ್ಲಿ ಎಸ್‌ಎಸ್‌ಎಚ್ ಪ್ರವೇಶ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ ಕಾರಣ ಹುಡುಕಿದರು. ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಒಂದು ಗುಪ್ತದ್ವಾರವನ್ನು ಇಟ್ಟಿರುವುದು ತಿಳಿಯಿತು. ಅದನ್ನು ಸೇರಿಸಿದ ವ್ಯಕ್ತಿ ಕಲ್ಪಿತ ಹೆಸರೆಂದು ತೋರುವ ಒಂದು ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ದುಡಿದು, ನಂಬಿಕೆ ಗಳಿಸಿ, ನಿರ್ವಹಣೆಯ ಅಧಿಕಾರವನ್ನೇ ಪಡೆದಿದ್ದ. ಆ ಆವೃತ್ತಿಗಳು ಸ್ಥಿರ ವಿತರಣೆಗಳನ್ನು ತಲಪುವ ಮೊದಲೇ ವಿಷಯ ಹೊರಬಂದದ್ದರಿಂದ ದೊಡ್ಡ ಅನಾಹುತ ತಪ್ಪಿತು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಉಪೇಕ್ಷಿಸದ ಒಬ್ಬನ ಕುತೂಹಲವೇ ಇದಕ್ಕೆ ಕಾರಣ.

ಮೂಲ ಬಳಕೆದಾರ ಮತ್ತು ಅನುಮತಿಗಳು

ಯುನಿಕ್ಸ್ ವ್ಯವಸ್ಥೆಯಲ್ಲಿ ರೂಟ್ ಎಂಬ ಬಳಕೆದಾರನಿಗೆ ಸರ್ವಾಧಿಕಾರವಿದೆ. ಉಳಿದ ಬಳಕೆದಾರರಿಗೆ ಕಡತಗಳ ಮೇಲಿರುವ ಹಕ್ಕನ್ನು ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಪ್ರತ್ಯೇಕವಾಗಿ ನಿಗದಿಪಡಿಸಲಾಗುತ್ತದೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂದು ಎಣಿಸಿ ಕೂಡಿದರೆ ಪ್ರತಿ ವರ್ಗಕ್ಕೂ ಒಂದು ಅಂಕಿ ಬರುತ್ತದೆ. 640 ಎಂದರೆ ಒಡೆಯನು ಓದಬಹುದು, ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ. ಅನುಮತಿಯ ತೊಡಕು ಎದುರಾದಾಗ 777 ಎಂದು ಬರೆದು ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟುಬಿಡುವುದು ಅನೇಕರ ರೂಢಿ. ತೊಡಕು ಆಗ ಮಾಯವಾಗುತ್ತದೆ, ಕಾವಲೂ ಮಾಯವಾಗುತ್ತದೆ.

ನಿತ್ಯದ ಕೆಲಸಕ್ಕೆ ರೂಟ್ ಆಗಿ ಪ್ರವೇಶಿಸುವ ಬದಲು, ಸಾಮಾನ್ಯ ಬಳಕೆದಾರನಾಗಿಯೇ ಇದ್ದು, ಅಗತ್ಯವಿದ್ದ ಆಜ್ಞೆಗೆ ಮಾತ್ರ ಸುಡು ಎಂಬ ಸಾಧನದ ಮೂಲಕ ಅಧಿಕಾರ ಪಡೆಯುವುದು ಉತ್ತಮ ಪದ್ಧತಿ. ಇದು 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಇದರ ಕನ್ನಡ ಉಚ್ಚಾರ ಬೆಂಕಿಯನ್ನು ನೆನಪಿಸುವುದು ಆಕಸ್ಮಿಕವಾದರೂ ಅನುಚಿತವಲ್ಲ. ಯಾರು, ಯಾವಾಗ, ಯಾವ ಆಜ್ಞೆಯನ್ನು ನಡೆಸಿದರು ಎಂಬುದನ್ನು ಸುಡು ದಾಖಲಿಸುತ್ತದೆ. ಹಲವು ನಿರ್ವಾಹಕರಿರುವ ಕಡೆ ಇದು ಅತ್ಯಗತ್ಯ.

ನಿತ್ಯದ ನಿಗಾ

ಸರ್ವರ್ ನಿರ್ವಾಹಕ ಮೊದಲು ನೋಡುವುದು ಅಪ್‌ಟೈಮ್ ಎಂಬ ಆಜ್ಞೆ ತೋರಿಸುವ ಹೊರೆಯ ಸರಾಸರಿಯನ್ನು. ಕಳೆದ 1, 5 ಮತ್ತು 15 ನಿಮಿಷಗಳಿಗೆ ಸಂಬಂಧಿಸಿದ ಮೂರು ಸಂಖ್ಯೆಗಳು ಅದರಲ್ಲಿರುತ್ತವೆ. ಮೊದಲನೆಯದು ಮೂರನೆಯದಕ್ಕಿಂತ ಬಹಳ ಹೆಚ್ಚಿದ್ದರೆ ತೊಂದರೆ ಈಗಷ್ಟೇ ಆರಂಭವಾಗಿದೆ ಎಂದರ್ಥ. ಟಾಪ್ ಎಂಬ ಆಜ್ಞೆ ಯಾವ ಪ್ರಕ್ರಿಯೆ ಎಷ್ಟು ಸಂಸ್ಕಾರಕವನ್ನೂ ಸ್ಮೃತಿಯನ್ನೂ ಬಳಸುತ್ತಿದೆ ಎಂಬುದನ್ನು ತೋರಿಸುತ್ತದೆ. ಹಟ ಹಿಡಿದ ಪ್ರಕ್ರಿಯೆಯನ್ನು ಕಿಲ್ ಆಜ್ಞೆಯಿಂದ ನಿಲ್ಲಿಸಬಹುದು. ಇಲ್ಲಿಯೂ ಒಂದು ಶಿಷ್ಟಾಚಾರವಿದೆ: ಮೊದಲು 15ನೆಯ ಸಂಕೇತ ಕಳುಹಿಸಿ, ತೆರೆದ ಕಡತಗಳನ್ನು ಮುಚ್ಚಿ ಹೊರಡಲು ಅದಕ್ಕೆ ಅವಕಾಶ ಕೊಡಬೇಕು. 9ನೆಯ ಸಂಕೇತ ಪ್ರಕ್ರಿಯೆಯನ್ನು ತತ್‌ಕ್ಷಣ ಕೊನೆಗಾಣಿಸುತ್ತದೆ, ಬರೆಯುತ್ತಿದ್ದ ದತ್ತಾಂಶ ಅರ್ಧಕ್ಕೆ ನಿಲ್ಲಬಹುದು.

ಡಿಸ್ಕ್ ತುಂಬಿಹೋಗುವುದು ಸರ್ವರ್‌ಗಳ ಅತಿ ಸಾಮಾನ್ಯ ಕಾಯಿಲೆ. ಡಿಎಫ್ ಆಜ್ಞೆ ಒಟ್ಟು ಎಷ್ಟು ಜಾಗ ಉಳಿದಿದೆ ಎಂದು ತಿಳಿಸಿದರೆ, ಡಿಯು ಯಾವ ಕೋಶ ಎಷ್ಟು ಜಾಗ ಹಿಡಿದಿದೆ ಎಂದು ತಿಳಿಸುತ್ತದೆ. ಕೆಲವೊಮ್ಮೆ ಇವೆರಡರ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಪ್ರಕ್ರಿಯೆ ತೆರೆದಿಟ್ಟುಕೊಂಡ ದೊಡ್ಡ ಲಾಗ್ ಕಡತವನ್ನು ಅಳಿಸಿದಾಗ ಅದರ ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ. ಆ ಪ್ರಕ್ರಿಯೆ ಕಡತವನ್ನು ಮುಚ್ಚುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ಡಿಯು ಹೆಸರುಗಳನ್ನು ನೋಡಿ ಎಣಿಸುವುದರಿಂದ ಅದಕ್ಕೆ ಆ ಕಡತ ಕಾಣದು, ಡಿಎಫ್‌ಗೆ ಕಾಣುತ್ತದೆ. ಅಳಿಸಿದಷ್ಟೂ ಜಾಗ ಸಿಗದಿದ್ದಾಗ ನಿರ್ವಾಹಕ ಗಾಬರಿಯಿಂದ ಇನ್ನಷ್ಟು ಕಡತಗಳನ್ನು ಅಳಿಸಲು ಹೊರಡುತ್ತಾನೆ. ಎಲ್‌ಎಸ್‌ಒಎಫ್ ಎಂಬ ಆಜ್ಞೆಯಿಂದ ಅಂತಹ ಕಡತವನ್ನು ಹಿಡಿದಿರುವ ಸೇವೆಯನ್ನು ಗುರುತಿಸಿ ಮರುಆರಂಭಿಸಿದರೆ ಸಾಕಾಗುತ್ತದೆ. ಇನ್ನು ಕೆಲವೊಮ್ಮೆ ಜಾಗ ಬೇಕಾದಷ್ಟಿದ್ದರೂ ಹೊಸ ಕಡತ ಸೃಷ್ಟಿಯಾಗುವುದಿಲ್ಲ. ಕಡತಗಳ ವಿವರವನ್ನು ಬರೆದಿಡುವ ಐನೋಡ್‌ಗಳು ಮುಗಿದುಹೋಗಿರುವುದು ಅದಕ್ಕೆ ಕಾರಣ. ಲಕ್ಷಗಟ್ಟಲೆ ಪುಟ್ಟ ಕಡತಗಳು ಸೇರಿಕೊಂಡಾಗ ಹೀಗಾಗುತ್ತದೆ.

ಘಟನೆಗಳ ದಾಖಲೆಯಾದ ಲಾಗ್ ಕಡತಗಳನ್ನು ಓದಲು ಗ್ರೆಪ್, ಲೆಸ್, ಟೇಲ್ ಮುಂತಾದವನ್ನೂ, ಸಿಸ್ಟಮ್‌ಡಿ ಇರುವ ವ್ಯವಸ್ಥೆಗಳಲ್ಲಿ ಜರ್ನಲ್‌ಸಿಟಿಎಲ್ ಅನ್ನೂ ಬಳಸಲಾಗುತ್ತದೆ. ತಂತ್ರಾಂಶಗಳನ್ನು ನವೀಕರಿಸಲು ಡೆಬಿಯನ್ ಮತ್ತು ಉಬುಂಟುವಿನಲ್ಲಿ ಆಪ್ಟ್, ರೆಡ್ ಹ್ಯಾಟ್ ಪರಂಪರೆಯಲ್ಲಿ ಡಿಎನ್‌ಎಫ್ ಇವೆ. ನವೀಕರಣವನ್ನು ಮುಂದೂಡುವುದರ ಅಪಾಯಕ್ಕೆ 2014ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದ ಶೆಲ್‌ಶಾಕ್ ನಿದರ್ಶನ. ಬ್ಯಾಶ್‌ನಲ್ಲಿ 1989ರಿಂದಲೂ ಅಡಗಿದ್ದ ಆ ದೋಷವನ್ನು ಸ್ಟೆಫಾನ್ ಶಾಜೆಲಾಸ್ ಕಂಡುಹಿಡಿದರು. ಅದು ಪ್ರಕಟವಾದ ಕೆಲವೇ ಗಂಟೆಗಳಲ್ಲಿ ಸರ್ವರ್‌ಗಳ ಮೇಲೆ ದಾಳಿಗಳು ಆರಂಭವಾದವು.

ನಿಗದಿತ ಸಮಯಕ್ಕೆ ತಾನಾಗಿ ನಡೆಯಬೇಕಾದ ಕೆಲಸಗಳನ್ನು ಕ್ರಾನ್‌ಗೆ ವಹಿಸಲಾಗುತ್ತದೆ. ಅದರ ಪ್ರತಿ ಸಾಲಿನ ಮೊದಲ ಐದು ಅಂಕಣಗಳು ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು ಮತ್ತು ವಾರವನ್ನು ಸೂಚಿಸುತ್ತವೆ. ಹೆಚ್ಚಿನ ಸರ್ವರ್‌ಗಳ ಗಡಿಯಾರವನ್ನು ಸಾರ್ವತ್ರಿಕ ಕಾಲಮಾನಕ್ಕೆ ಹೊಂದಿಸಿರುವುದರಿಂದ ಭಾರತದ ನಿರ್ವಾಹಕರು ಐದೂವರೆ ಗಂಟೆಯನ್ನು ಕಳೆಯಬೇಕಾಗುತ್ತದೆ. ಇಲ್ಲಿಯ ಬೆಳಗಿನ ಜಾವ 2 ಗಂಟೆಗೆ ನಡೆಯಬೇಕಾದ ಕೆಲಸಕ್ಕೆ 20 ಗಂಟೆ 30 ನಿಮಿಷ ಎಂದು ಬರೆಯಬೇಕು. ಅಷ್ಟೇ ಅಲ್ಲ, ಅದು ಸೋಮವಾರದ ಕೆಲಸವಾದರೆ ವಾರದ ಅಂಕಣದಲ್ಲಿ ಭಾನುವಾರ ಎಂದಿರಬೇಕು. ಕೈಯಿಂದ ನಡೆಸಿದಾಗ ಸರಿಯಾಗಿ ನಡೆಯುವ ಆಜ್ಞೆ ಕ್ರಾನ್‌ನಲ್ಲಿ ವಿಫಲವಾಗುವುದೂ ಉಂಟು. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ ಕ್ರಾನ್‌ಗೆ ಬಹಳ ಸಂಕ್ಷಿಪ್ತವಾಗಿರುವುದರಿಂದ ಪೂರ್ಣ ಮಾರ್ಗವನ್ನು ಬರೆಯುವುದು ಲೇಸು.

ಬ್ಯಾಕಪ್ ಮತ್ತು ಅವಘಡಗಳು

ಕಮಾಂಡ್ ಲೈನ್‌ನಲ್ಲಿ ಕಸದ ಬುಟ್ಟಿ ಇಲ್ಲ. ಆರ್‌ಎಂ ಆಜ್ಞೆಗೆ ಆರ್ ಮತ್ತು ಎಫ್ ಎಂಬ ಆಯ್ಕೆಗಳನ್ನು ಸೇರಿಸಿದರೆ ಅದು ಕೋಶವನ್ನೂ ಅದರೊಳಗಿನ ಎಲ್ಲವನ್ನೂ, ಯಾವ ಪ್ರಶ್ನೆಯನ್ನೂ ಕೇಳದೆ, ಅಳಿಸುತ್ತದೆ. ಈಗಿನ ಗ್ನೂ ಆವೃತ್ತಿ ಇಡೀ ವ್ಯವಸ್ಥೆಯ ಬುಡವಾದ ಮೂಲ ಕೋಶವನ್ನು ನೇರವಾಗಿ ಅಳಿಸಲು ಒಪ್ಪುವುದಿಲ್ಲವಾದರೂ, ಉಳಿದೆಡೆ ಬೆರಳಿನ ತಪ್ಪಿಗೆ ರಕ್ಷಣೆಯಿಲ್ಲ. ಇಂತಹ ಕೆಲವು ಘಟನೆಗಳು ಈ ವೃತ್ತಿಯ ಪಾಠಗಳಲ್ಲಿ ಸೇರಿಹೋಗಿವೆ.

1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಚಲನಚಿತ್ರದ ಕಡತಗಳಿದ್ದ ಕೋಶದಲ್ಲಿ ಯಾರೋ ಈ ಆಜ್ಞೆಯನ್ನು ನಡೆಸಿದರು. ಚಿತ್ರದ ಹೆಚ್ಚಿನ ಭಾಗ ಅಳಿದುಹೋಯಿತು, ಬ್ಯಾಕಪ್ ಕೂಡ ಸರಿಯಾಗಿ ಆಗುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಹೆರಿಗೆಯ ಬಳಿಕ ಮನೆಯಿಂದ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗೇಲಿನ್ ಸಸ್ಮನ್ ಅವರ ಗಣಕದಲ್ಲಿ ಒಂದು ಪ್ರತಿ ಇದ್ದುದರಿಂದ ಚಿತ್ರ ಉಳಿಯಿತು.

2015ರ ಜನವರಿಯಲ್ಲಿ ಲಿನಕ್ಸ್‌ಗಾಗಿ ಇದ್ದ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಶೆಲ್ ಸ್ಕ್ರಿಪ್ಟ್‌ನಲ್ಲಿ ಒಂದು ದೋಷ ಪತ್ತೆಯಾಯಿತು. ತನ್ನ ಕೋಶದ ಹೆಸರನ್ನು ಒಂದು ಚರದಲ್ಲಿ ಇಟ್ಟುಕೊಂಡು, ಅದರೊಳಗಿನ ಎಲ್ಲವನ್ನೂ ಅಳಿಸು ಎಂದು ಆ ಸ್ಕ್ರಿಪ್ಟ್ ಹೇಳುತ್ತಿತ್ತು. ಯಾವುದೋ ಕಾರಣಕ್ಕೆ ಚರ ಖಾಲಿಯಾಗಿದ್ದರೆ ಅದರ ಮುಂದಿನ ಓರೆಗೆರೆ ಮಾತ್ರ ಉಳಿದು, ಆಜ್ಞೆಯ ಅರ್ಥ ಗಣಕದಲ್ಲಿರುವ ಎಲ್ಲವನ್ನೂ ಅಳಿಸು ಎಂದಾಗುತ್ತಿತ್ತು. ಬರೆದವರು ಆ ಸಾಲಿನ ಮೇಲೆ ಇದು ಭಯ ಹುಟ್ಟಿಸುವಂತಿದೆ ಎಂಬರ್ಥದ ಟಿಪ್ಪಣಿ ಹಾಕಿ, ಸಾಲನ್ನು ಹಾಗೆಯೇ ಬಿಟ್ಟಿದ್ದರು.

ಹೆಚ್ಚು ಚರ್ಚೆಗೆ ಒಳಗಾದದ್ದು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದ ಘಟನೆ. ದತ್ತಸಂಚಯದ ಎರಡು ಸರ್ವರ್‌ಗಳ ನಡುವೆ ಪ್ರತೀಕರಣ ಕೆಟ್ಟಿತ್ತು. ರಾತ್ರಿ ಬಹಳ ಹೊತ್ತಿನವರೆಗೆ ಅದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್, ಎರಡನೆಯ ಸರ್ವರ್‌ನ ಖಾಲಿ ಕೋಶವನ್ನು ಅಳಿಸುತ್ತಿದ್ದೇನೆಂದು ಭಾವಿಸಿ ಮುಖ್ಯ ಸರ್ವರ್‌ನಲ್ಲಿಯೇ ಆಜ್ಞೆ ನೀಡಿದರು. ಒಂದೆರಡು ಕ್ಷಣಗಳಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದದ್ದು 4.5 ಗಿಗಾಬೈಟ್. ಆಗ ಬ್ಯಾಕಪ್‌ಗಳತ್ತ ತಿರುಗಿ ನೋಡಿದರೆ, ದಿನನಿತ್ಯದ ಬ್ಯಾಕಪ್ ಇರಬೇಕಾದ ಕಡೆ ಏನೂ ಇರಲಿಲ್ಲ. ದತ್ತಸಂಚಯದ ಆವೃತ್ತಿಗೂ ಬ್ಯಾಕಪ್ ಸಾಧನದ ಆವೃತ್ತಿಗೂ ಹೊಂದಿಕೆಯಿಲ್ಲದೆ ಅದು ಪ್ರತಿದಿನವೂ ವಿಫಲವಾಗುತ್ತಿತ್ತು; ವಿಫಲತೆಯನ್ನು ತಿಳಿಸಬೇಕಾಗಿದ್ದ ಇ-ಅಂಚೆಗಳು ತಿರಸ್ಕೃತವಾಗುತ್ತಿದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಆರು ಗಂಟೆ ಮೊದಲು ಬೇರೊಂದು ಪರೀಕ್ಷೆಗಾಗಿ ಅದೇ ಎಂಜಿನಿಯರ್ ಕೈಯಾರೆ ತೆಗೆದಿದ್ದ ಪ್ರತಿಯಿಂದ ಸೇವೆಯನ್ನು ಪುನಃಸ್ಥಾಪಿಸಲಾಯಿತು. ಆ ಆರು ಗಂಟೆಗಳ ಅವಧಿಯ ಸುಮಾರು 5,000 ಯೋಜನೆಗಳ ವಿವರ, 5,000 ಟಿಪ್ಪಣಿಗಳು ಮತ್ತು 700 ಹೊಸ ಖಾತೆಗಳು ನಷ್ಟವಾದವು. ಸಂಸ್ಥೆ ದುರಸ್ತಿ ಕಾರ್ಯವನ್ನು ಅಂತರಜಾಲದಲ್ಲಿ ನೇರವಾಗಿ ಪ್ರಸಾರ ಮಾಡಿ, ಕಾರಣಗಳನ್ನು ವಿವರವಾಗಿ ಪ್ರಕಟಿಸಿತು. ಆ ವಿವರಣೆ ಒಬ್ಬ ವ್ಯಕ್ತಿಯ ಮೇಲೆ ಹೊಣೆ ಹೊರಿಸಿ ಮುಗಿಸದೆ, ಬ್ಯಾಕಪ್ ಅನ್ನು ಯಾರೂ ಪರೀಕ್ಷಿಸದಿದ್ದುದಕ್ಕೆ ಒತ್ತು ಕೊಟ್ಟಿತು.

ಮರುತಿಂಗಳು, ಫೆಬ್ರುವರಿ 28ರಂದು, ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಸಂಗ್ರಹ ಸೇವೆಯಲ್ಲಿ ಬಿಲ್ಲಿಂಗ್ ವ್ಯವಸ್ಥೆಯ ತೊಂದರೆಯನ್ನು ಸರಿಪಡಿಸಲು ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಾಗಿತ್ತು. ಆಜ್ಞೆಗೆ ಕೊಟ್ಟ ಒಂದು ವಿವರ ತಪ್ಪಾಗಿ, ಉದ್ದೇಶಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಅವುಗಳನ್ನು ನೆಚ್ಚಿದ್ದ ಅಸಂಖ್ಯ ಜಾಲತಾಣಗಳು ಸುಮಾರು ನಾಲ್ಕು ಗಂಟೆ ಕಾಲ ನಿಂತವು. ಸೇವೆ ಕೆಟ್ಟಿದೆ ಎಂದು ಸಾರಬೇಕಾದ ಅಮೆಜಾನ್‌ನ ಸ್ವಂತ ಫಲಕವೂ ಅದೇ ಸಂಗ್ರಹ ಸೇವೆಯನ್ನು ಅವಲಂಬಿಸಿದ್ದರಿಂದ ಅದನ್ನು ಬದಲಾಯಿಸಲು ಆಗಲಿಲ್ಲ. ಬಳಿಕ ಆ ಸಾಧನವು ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಿತಿಗಿಂತ ಕೆಳಗೆ ಹೋಗದಂತೆ ಮಾರ್ಪಡಿಸಲಾಯಿತು.

ಬ್ಯಾಕಪ್‌ಗೆ ಹೆಚ್ಚು ಬಳಕೆಯಾಗುವ ಸಾಧನಗಳಲ್ಲಿ ಆರ್‌ಸಿಂಕ್ ಒಂದು. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು ರಚಿಸಿದರು. ಇದು ಎರಡು ಕಡೆಯ ಕಡತಗಳನ್ನು ಹೋಲಿಸಿ ಬದಲಾದ ಭಾಗವನ್ನು ಮಾತ್ರ ಕಳುಹಿಸುತ್ತದೆ. ಡ್ರೈ ರನ್ ಎಂಬ ಆಯ್ಕೆಯೊಂದಿಗೆ ನಡೆಸಿದರೆ ಏನನ್ನೂ ಬದಲಿಸದೆ, ಏನು ಬದಲಾಗಲಿತ್ತು ಎಂಬುದನ್ನಷ್ಟೇ ತೋರಿಸುತ್ತದೆ. ಆದರೆ ಮೂಲದಲ್ಲಿ ಅಳಿದದ್ದನ್ನು ಪ್ರತಿಯಲ್ಲಿಯೂ ಅಳಿಸುವ ಆಯ್ಕೆಯನ್ನು ಕೊಟ್ಟಿದ್ದರೆ, ಹಗಲು ನಡೆದ ತಪ್ಪು ರಾತ್ರಿಯ ಬ್ಯಾಕಪ್‌ನಲ್ಲಿಯೂ ನಿಷ್ಠೆಯಿಂದ ಪುನರಾವರ್ತನೆಯಾಗುತ್ತದೆ. ಹೀಗಾಗಿ ಹಲವು ದಿನಗಳ ಪ್ರತಿಗಳನ್ನು ಬೇರೆಬೇರೆಯಾಗಿ ಇಡಬೇಕು, ಆಗಾಗ ಅವುಗಳಿಂದ ನಿಜವಾಗಿಯೂ ಕಡತಗಳನ್ನು ಹೊರತೆಗೆದು ನೋಡಬೇಕು.

ವಿಂಡೋಸ್ ಮತ್ತು ಸ್ವಯಂಚಾಲನೆ

ಚಿತ್ರಮಯ ವ್ಯವಸ್ಥೆಯೆಂದೇ ಹೆಸರಾದ ವಿಂಡೋಸ್ ಕೂಡ ಈ ದಾರಿಗೆ ಬಂದಿದೆ. ಮೈಕ್ರೋಸಾಫ್ಟ್ 2006ರಲ್ಲಿ ಪವರ್‌ಶೆಲ್ ಅನ್ನು ಬಿಡುಗಡೆ ಮಾಡಿತು. 2016ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿಸಿ ಲಿನಕ್ಸ್‌ಗೂ ಒದಗಿಸಿತು. ಇದರ ಪೈಪ್‌ನಲ್ಲಿ ಅಕ್ಷರಗಳ ಬದಲು ಗುಣಲಕ್ಷಣಗಳುಳ್ಳ ವಸ್ತುಗಳು ಹರಿಯುತ್ತವೆ.

ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದನ್ನೂ ಪ್ರವೇಶಿಸಿ ಆಜ್ಞೆ ನೀಡುವುದು ಅಸಾಧ್ಯವಾಗುತ್ತದೆ. ಸರ್ವರ್ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಕಡತದಲ್ಲಿ ಬರೆದು, ಅದನ್ನು ಎಲ್ಲ ಯಂತ್ರಗಳಿಗೂ ಅನ್ವಯಿಸುವ ಸಾಧನಗಳು ಇದಕ್ಕಾಗಿ ಹುಟ್ಟಿದವು. ನಾರ್ವೆಯ ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ 1993ರಲ್ಲಿ ಆರಂಭಿಸಿದ ಸಿಎಫ್‌ಎಂಜಿನ್ ಇವುಗಳಲ್ಲಿ ಮೊದಲಿನದು. 2012ರಲ್ಲಿ ಬಂದ ಆನ್ಸಿಬಲ್ ಲಿನಕ್ಸ್ ಸರ್ವರ್‌ಗಳನ್ನು ಎಸ್‌ಎಸ್‌ಎಚ್ ಮೂಲಕವೇ ನಿಯಂತ್ರಿಸುತ್ತದೆ. ಇವು ಕಮಾಂಡ್ ಲೈನ್ ಜ್ಞಾನವನ್ನು ಅನಗತ್ಯಗೊಳಿಸಿಲ್ಲ. ಸಾಧನ ಕೈಕೊಟ್ಟ ದಿನ ನಿರ್ವಾಹಕ ಮರಳುವುದು ಶೆಲ್‌ಗೇ.

ಕನ್ನಡ ಮತ್ತು ಕಮಾಂಡ್ ಲೈನ್

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ಪಠ್ಯಕ್ರಮದ ಮೂಲಕ, ಯುನಿಕ್ಸ್ ಮತ್ತು ಶೆಲ್ ಬಹುಕಾಲದಿಂದ ಬೋಧನೆಯಲ್ಲಿವೆ. ಆಜ್ಞೆಗಳ ಹೆಸರುಗಳು ಇಂಗ್ಲಿಷ್‌ನಲ್ಲಿಯೇ ಇದ್ದರೂ, ಅವು ನಿರ್ವಹಿಸುವ ಕಡತಗಳೂ ಕಡತಗಳ ಹೆಸರುಗಳೂ ಕನ್ನಡದಲ್ಲಿರಬಹುದು. ಇದು ಸಾಧ್ಯವಾದದ್ದು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ಸಂಕೇತಕ್ರಮದಿಂದ.

ಈ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಕನ್ನಡ ಎಂಬ ಪದ ಓದುಗನ ಕಣ್ಣಿಗೆ ಮೂರು ಅಕ್ಷರ. ಗಣಕಕ್ಕೆ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು, ಅಂದರೆ 15 ಬೈಟ್. ಡಬ್ಲ್ಯುಸಿ ಎಂಬ ಎಣಿಕೆಯ ಆಜ್ಞೆ ಬೈಟ್‌ಗಳನ್ನೋ ಸಂಕೇತಗಳನ್ನೋ ಎಣಿಸುತ್ತದೆ, ಅಕ್ಷರಗಳನ್ನಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಗರಿಷ್ಠ ಉದ್ದ 255 ಬೈಟ್ ಆದ್ದರಿಂದ ಕನ್ನಡದ ಹೆಸರಿಗೆ 85 ಸಂಕೇತಗಳಷ್ಟೇ ದೊರೆಯುತ್ತವೆ. ಆರು ಅಕ್ಷರಗಳ ಚಿಕ್ಕಬಳ್ಳಾಪುರವೇ ಅದರಲ್ಲಿ 13ನ್ನು ಬಳಸಿಕೊಳ್ಳುತ್ತದೆ. ಪ್ರತಿ ಅಕ್ಷರಕ್ಕೂ ಸಮಾನ ಅಗಲವೆಂಬ ಟೆಲಿಟೈಪ್ ಕಾಲದ ಕಲ್ಪನೆಯನ್ನು ಟರ್ಮಿನಲ್‌ಗಳು ಇನ್ನೂ ಪಾಲಿಸುವುದರಿಂದ ಒತ್ತಕ್ಷರಗಳು ಅನೇಕ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ. ಕಡತದೊಳಗೆ ಅವು ಸರಿಯಾಗಿಯೇ ಇರುತ್ತವೆ.

ವಿಂಗಡಣೆಯಲ್ಲಿ ಇನ್ನೊಂದು ತೊಡಕಿದೆ. ಭಾಷಾ ಸಂಯೋಜನೆಯನ್ನು ತಟಸ್ಥವಾಗಿಟ್ಟಾಗ ಸಾರ್ಟ್ ಆಜ್ಞೆ ಯುನಿಕೋಡ್‌ನ ಕ್ರಮವನ್ನು ಅನುಸರಿಸುತ್ತದೆ. ಅದರಲ್ಲಿ ಳ ಅಕ್ಷರ ಲ ಮತ್ತು ವ ಅಕ್ಷರಗಳ ನಡುವೆ ಬರುತ್ತದೆ, ಕನ್ನಡ ವರ್ಣಮಾಲೆಯಲ್ಲಾದರೋ ಅದು ಹ ಆದ ಮೇಲೆ. ಹೀಗಾಗಿ ಊರುಗಳ ಪಟ್ಟಿಯಲ್ಲಿ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮುಂದೆ ಬಂದು ಕೂರುತ್ತದೆ. ನಿಘಂಟಿನ ಕ್ರಮದಲ್ಲಿ ಅದು ಹಿಂದೆ ಇರಬೇಕು. ಗ್ರೆಪ್‌ನಿಂದ ಹುಡುಕುವಾಗ ಕಣ್ಣಿಗೆ ಒಂದೇ ಆಗಿರುವ ಎರಡು ಪದಗಳು ಹೊಂದದೆ ಹೋಗುವುದೂ ಉಂಟು. ಸರ್ವರ್ ಎಂಬಂತೆ ವ್ಯಂಜನದಲ್ಲಿ ಮುಗಿಯುವ ಪದಗಳ ಕೊನೆಗೆ ಕೆಲವು ಕೀಲಿಮಣೆ ತಂತ್ರಾಂಶಗಳು ಒಂದು ಅಗೋಚರ ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಓ ಕಾರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ಬರೆಯಬಹುದು. ಕನ್ನಡ ಪಠ್ಯವಿರುವ ದತ್ತಸಂಚಯವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಮೊದಲು ಇಂತಹ ರೂಪಗಳನ್ನು ಏಕರೂಪಕ್ಕೆ ತಂದುಕೊಳ್ಳದಿದ್ದರೆ, ದಾಖಲೆಗಳೆಲ್ಲ ಕ್ಷೇಮವಾಗಿ ತಲಪಿದ ಮೇಲೂ ಹುಡುಕಾಟದಲ್ಲಿ ಅರ್ಧದಷ್ಟು ಸಿಗದೆ ಹೋಗಬಹುದು.